ಶನಿವಾರದ ಗಾಣಿಗಿತ್ತಿ

ಮೌಲಾಲಿ ನದಾಫನ ಮನೆಯಲ್ಲಿ ಜಗಳ ಹತ್ತಿದ್ದು ಅವನ ತಾಯಿಗೆ ಗೆಳತಿಯೊಬ್ಬಳು ಸಿಕ್ಕ ಕಾರಣಕ್ಕೆ. ಪರದೇಶದಲ್ಲಿ ಎಪ್ಪತ್ತು ದಾಟಿದ ಮುದುಕಿಗೆ ಮಾತಾಡಲು ಒಬ್ಬರು ಸಿಕ್ಕರೆ ಮನೆಯವರು ಸಕ್ಕರೆ ಹಂಚಬೇಕು. ಆದರೆ ಗೆಳತಿ ಯಹೂದಿ, ತಾಯಿ ಮುಸಲ್ಮಾನಳು, ಮಗ ಮಸೀದಿಯ ಕಮಿಟಿ ಮೆಂಬರು. ಹಾಗಾಗಿ ಸಕ್ಕರೆ ಡಬ್ಬಿಯಲ್ಲೇ ಉಳಿಯಿತು.

ತಾಯಿಯ ಹೆಸರು ದಾವಲಬಿ. ಗಂಡ ತೀರಿದ ಮೇಲೆ, 2015ರಲ್ಲಿ, ಗದಗಿನ ಹತ್ತಿರದ ಮುಳಗುಂದದಿಂದ ಟೊರಾಂಟೊ ಪಕ್ಕದ ಥಾರ್ನ್‌ಹಿಲ್‌ಗೆ ಮಗನ ಮನೆಗೆ ಬಂದವಳು. ಗಂಡ ಓಣಿ ಓಣಿ ತಿರುಗಿ ಅರಳೆ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದ. ನದಾಫರು ಅಂದರೂ ಅವರೇ, ಪಿಂಜಾರರು ಅಂದರೂ ಅವರೇ. ನಮಾಜು ಅರಬಿಯಲ್ಲಿ, ಮಿಕ್ಕಿದ್ದೆಲ್ಲ ಕನ್ನಡದಲ್ಲಿ. ಉರ್ದು ಅವರ ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಿತ್ತು, ಅಷ್ಟೆ.

ಇಲ್ಲಿ ಅದೇ ತೊಂದರೆಯಾಯಿತು. ಮಸೀದಿಯಲ್ಲಿ ಹೆಂಗಸರು ಉರ್ದುವಿನಲ್ಲಿ ಮಾತಾಡಿಸಿದರೆ ದಾವಲಬಿ ಗಂಡಸನ್ನು ಹೆಂಗಸು ಮಾಡಿ, ಹೆಂಗಸನ್ನು ಗಂಡಸು ಮಾಡಿ ಏನೋ ಹೇಳುವಳು. ಅವರು ದುಪ್ಪಟ್ಟಾ ಬಾಯಿಗೆ ಒತ್ತಿಕೊಂಡು ನಗುವರು. ಇನ್ನು ಕನ್ನಡದವರ ರಾಜ್ಯೋತ್ಸವಕ್ಕೆ ಸೊಸೆ ನಸೀಮಾ ಒಮ್ಮೆ ಕರೆದೊಯ್ದಿದ್ದಳು. ರೇಷ್ಮೆ ಸೀರೆಯ ಹೆಂಗಸೊಬ್ಬಳು ಬಾಯ್ತುಂಬ ನಗುತ್ತ, "ಅಯ್ಯೋ, ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲಾ! ಎಲ್ಲಿ ಕಲಿತ್ರಿ?" ಅಂದಳು.

"ನಮ್ಮವ್ವನ ಹೊಟ್ಟ್ಯಾಗ," ಅಂದಳು ದಾವಲಬಿ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮಿಲ್ಕಾಬಾಯಿ ಸಿಕ್ಕಿದ್ದು ಕಿರಾಣಿ ಅಂಗಡಿಯಲ್ಲಿ. ದಾವಲಬಿ ಮೂಲಂಗಿ ಕಟ್ಟು ಎತ್ತಿ ನೋಡಿ, "ಇಷ್ಟು ಬಾಡಿದ್ದನ್ನ ಯಾರ್ ತಿಂತಾರ?" ಎಂದು ತನಗೆ ತಾನೇ ಅಂದುಕೊಂಡಳು. ಹಿಂದಿನಿಂದ ಒಂದು ದನಿ, "ದನಾನೂ ತಿನ್ನಂಗಿಲ್ಲ ತಗೀರಿ," ಅಂದಿತು. ತಿರುಗಿದರೆ ಕತ್ತರಿಸಿದ ಬಿಳಿಗೂದಲಿನ, ಪ್ಯಾಂಟು ಹಾಕಿದ ಮುದುಕಿ. ಕೊರಳಲ್ಲಿ ಯಹೂದಿಗಳ ಆರು ಮೂಲೆಯ ನಕ್ಷತ್ರ. ದಾವಲಬಿ ಅಲ್ಲೇ ಅತ್ತುಬಿಟ್ಟಳು. ಮೂಲಂಗಿಗೆ ಅಳುವವರನ್ನು ಅಂಗಡಿಯವನು ಮೊದಲ ಸಲ ನೋಡಿರಬೇಕು.

ಮಿಲ್ಕಾಬಾಯಿಯ ತಂದೆ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡು. ಕೊಂಕಣದ ಯಹೂದಿಗಳು. ಮನೆಯೊಳಗೆ ಮರಾಠಿ, ಕ್ವಾರ್ಟರ್ಸಿನ ಹೊಸ್ತಿಲು ದಾಟಿದರೆ ಕನ್ನಡ. ಇಪ್ಪತ್ತಕ್ಕೆ ಮದುವೆಯಾಗಿ ಠಾಣೆಗೆ ಹೋಗಿ, ಆಮೇಲೆ ಮಗ ರೂಬೆನ್‌ನ ಜೊತೆ ಕೆನಡಾಕ್ಕೆ ಬಂದವಳು. ಐವತ್ತು ವರ್ಷ ಯಾರ ಜೊತೆಗೂ ಆಡದ ಕನ್ನಡ ಆಕೆಯ ನಾಲಗೆಯಲ್ಲಿ ಹಾಗೇ ಇತ್ತು.

ಪ್ರತಿ ಗುರುವಾರ ಮಾಲಿನ ಬೆಂಚಿನ ಮೇಲೆ ಇಬ್ಬರೂ ಕೂರತೊಡಗಿದರು. ದಾವಲಬಿ ಶೇಂಗಾ ಚಟ್ನಿ, ಚುರುಮರಿ ಕಟ್ಟಿಕೊಂಡು ಹೋಗುವಳು. ಮಿಲ್ಕಾಬಾಯಿ ತನ್ನ ಕಾಗದದ ತಟ್ಟೆ ತರುವಳು. ಅವರದೂ ಊಟದ ಮಡಿ ಇವರದರ ಹಾಗೆ ಬಿಗಿ. ಜಗಳಕ್ಕೇನೂ ಕೊರತೆ ಇರಲಿಲ್ಲ. ನಮ್ಮ ಪ್ರವಾದಿಯೊಬ್ಬರ ಹೆಸರಲ್ಲಿ ನಾವೂ ಮಲೀದಾ ಸಿಹಿ ಮಾಡ್ತೀವಿ, ಅವಲಕ್ಕಿ, ಕೊಬ್ಬರಿ ಹಾಕಿ, ಅಂದಳು ಮಿಲ್ಕಾಬಾಯಿ. "ಅವಲಕ್ಕಿ ಹಾಕಿದ್ರ ಅದು ಮಲೀದಾ ಹೆಂಗಾಕ್ಕೈತಿ? ಚಪಾತಿ ಪುಡಿ ಮಾಡಿ ಬೆಲ್ಲ ಹಾಕಬೇಕು," ಎಂದು ದಾವಲಬಿ ವಾದಕ್ಕೆ ನಿಂತಳು. ಮಾತು ಗಾಜಾಕ್ಕೂ ಹೋಯಿತು. "ನಿಮ್ಮವ್ರು ಅಲ್ಲಿ ಸಣ್ಣ ಹುಡುಗ್ರ ಮ್ಯಾಲ ಬಾಂಬ್ ಹಾಕ್ತಾರಂತ, ಯಾಕ?" ಎಂದು ದಾವಲಬಿ ನೇರವಾಗಿ ಕೇಳಿದಳು. "ನಮ್ಮ ತಮ್ಮನ ಊರಾಗ ರಾಕೆಟ್ ಬೀಳ್ತಾವ. ಅವನ ಮೊಮ್ಮಕ್ಕಳು ನೆಲಮಾಳಿಗ್ಯಾಗ ಮಲಗ್ತಾವ. ಅದನ್ನ್ಯಾಕ ಕೇಳಂಗಿಲ್ಲ ನೀ?" ಎಂದು ಮಿಲ್ಕಾಬಾಯಿ ಎದ್ದು ಹೋದಳು. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರ ಬಂದು, "ಸತ್ತ ಹುಡುಗ್ರು ಯಾರವಾದ್ರೂ ಹುಡುಗ್ರs," ಅಂದು ಕೂತಳು. ದಾವಲಬಿ ಚಟ್ನಿ ಡಬ್ಬಿ ತೆಗೆದಳು.

ಇಬ್ಬರಿಗೂ ಒಂದೇ ಗಾಯ ಬೇರೆ. ಮಿಲ್ಕಾಬಾಯಿಯ ಸಿನಗಾಗಿನಲ್ಲೂ, ಅಂದರೆ ಅವರ ಪ್ರಾರ್ಥನೆಯ ಮನೆಯಲ್ಲೂ, ಆಕೆಯ ಮೈಬಣ್ಣ ನೋಡಿ "ನೀವು ಯಾವಾಗ ನಮ್ಮ ಧರ್ಮಕ್ಕೆ ಸೇರಿದಿರಿ?" ಎಂದು ಕೇಳುವವರಿದ್ದರು. "ಎರಡು ಸಾವಿರ ವರ್ಷ ಆತು, ಸ್ವಲ್ಪ ತಡಾ ಆತೇನ್ರಿ ಅಂದೆ," ಎಂದು ಹೇಳಿ ನಗುವಳು. ಕೊಂಕಣದಲ್ಲಿ ಅವರ ಹಿರಿಯರು ಗಾಣದಿಂದ ಎಣ್ಣೆ ತೆಗೆಯುತ್ತಿದ್ದರಂತೆ. ಶನಿವಾರ ಅವರ ಸಬ್ಬತ್ತು, ಕೆಲಸ ಮಾಡಬಾರದ ಪವಿತ್ರ ದಿನ, ಗಾಣ ಬಂದ್. ಅದಕ್ಕೆ ಊರವರು ಅವರನ್ನು ಶನಿವಾರದ ಗಾಣಿಗರು ಅನ್ನುತ್ತಿದ್ದರಂತೆ. ಇದನ್ನು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಆಕೆ ದಾವಲಬಿಗೆ ಶನಿವಾರದ ಗಾಣಿಗಿತ್ತಿ, ದಾವಲಬಿ ಆಕೆಗೆ ಪಿಂಜಾರಗಿತ್ತಿ.

"ನಮ್ಮ ಕ್ವಾರ್ಟರ್ಸಿಗೆ ಬರ್ತಿದ್ದ ಪಿಂಜಾರ ನಿನ್ನ ಗಂಡನs ಇರಬೇಕು. ಗಾದಿ ತುಂಬ ಗಂಟು!"

"ಗಾಣದ ಎಣ್ಣಿ ಹಚ್ಚಿಗೊಂಡು ಮಲಗಿದ್ರ ಅರಳಿ ಗಂಟ್ ಆಗ್ಲಾರ್ದ ಏನಾಕ್ಕೈತಿ?"

ಮನೆಯಲ್ಲಿ ಮೌಲಾಲಿಗೆ ಇದು ಹಿಡಿಸಲಿಲ್ಲ. ಅವನದು ಮನೆಗಳ ಹೀಟಿಂಗ್ ಮಶೀನು ರಿಪೇರಿ ಮಾಡುವ ಕೆಲಸ, ಕೆಲಸ ಮುಗಿದರೆ ಮಸೀದಿ. ಊಟಕ್ಕೆ ಕೂತಾಗ ಶುರು ಮಾಡುವನು.

"ಅವ್ವಾ, ಮಾಲಿನಾಗ ಆಕಿ ಜೋಡಿ ಕುಂದರೂದು ನೋಡಿ ಜನ ಕೇಳ್ತಾರ."

"ಏನ್ ಕೇಳ್ತಾರ?"

"ನಿಮ್ಮ ತಾಯಿಗೆ ಬ್ಯಾರೆ ಯಾರೂ ಸಿಗ್ಲಿಲ್ಲೇನು ಅಂತ."

"ಸಿಗ್ಲಿಲ್ಲ ಅಂತ ಹೇಳು. ಖರೇನ ಹೇಳಿದಂಗಾತು. ಆ ಪಲ್ಯಾ ಇತ್ತ ತಾ."

ನಸೀಮಾ ಡೇಕೇರಿನಲ್ಲಿ ಕೆಲಸ ಮಾಡುವವಳು, ದಿನವಿಡೀ ಮಕ್ಕಳ ಜಗಳ ಬಿಡಿಸಿ ಬಂದು ಮನೆಯಲ್ಲಿ ಇವರದು ಬಿಡಿಸಬೇಕು. "ಅತ್ತಿ ನಗೂದನ್ನ ನಾ ಇಲ್ಲಿ ಮೊದಲ ಸಲ ನೋಡಾಕತ್ತೀನಿ. ಬಿಡ್ರಿ ಸಾಕು," ಅಂದಳು ಗಂಡನಿಗೆ. ಹದಿನೈದರ ಮಗಳು ಹನಿಯಾ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳಿಗೆ ಇಬ್ಬರು ಮುದುಕಿಯರೂ ಮೆಚ್ಚು. "ಗಾಣಿಗಿತ್ತಿ ಅಂದ್ರೆ ವಾಟ್, ಅಜ್ಜಿ?" ಎಂದು ಒಮ್ಮೆ ಕೇಳಿದ್ದಳು. ರೊಟ್ಟಿ ಬಡಿಯುತ್ತಿದ್ದ ದಾವಲಬಿ, "ಎಣ್ಣಿಯಾಕಿ," ಎಂದಷ್ಟೇ ಹೇಳಿದಳು. ಥಾರ್ನ್‌ಹಿಲ್‌ನಲ್ಲಿ ಗಾಣ ತೋರಿಸಲು ಎಲ್ಲಿಂದ ತರುವುದು?

2018ರ ಅಕ್ಟೋಬರ್ ಕೊನೆಗೆ, ಗಡಿಯಾಚೆ ಪಿಟ್ಸ್‌ಬರ್ಗಿನ ಸಿನಗಾಗಿಗೆ ಒಬ್ಬ ನುಗ್ಗಿ ಪ್ರಾರ್ಥನೆಗೆ ಬಂದಿದ್ದ ಹನ್ನೊಂದು ಜನರನ್ನು ಗುಂಡಿಕ್ಕಿ ಕೊಂದ. ಟೊರಾಂಟೊ ಸುತ್ತಲಿನ ಯಹೂದಿಗಳು ನಡುಗಿದರು. ಹಿಂದಿನ ವರ್ಷ ಕ್ವಿಬೆಕ್‌ನ ಮಸೀದಿಯಲ್ಲಿ ಇಂಥದ್ದೇ ಆದಾಗ ಯಹೂದಿಗಳು ಇಲ್ಲಿನ ಮಸೀದಿಗಳ ಸುತ್ತ ಕೈ ಕೈ ಹಿಡಿದು ಬೇಲಿಯ ಹಾಗೆ ನಿಂತಿದ್ದರು. ಈಗ ಮುಸಲ್ಮಾನರು ಸಿನಗಾಗಿನ ಸುತ್ತ ನಿಂತರು. ಮೌಲಾಲಿಯೂ ಹೋಗಿ ಚಳಿಯಲ್ಲಿ ಒಬ್ಬ ಅಪರಿಚಿತ ಮುದುಕನ ಕೈ ಹಿಡಿದು ನಿಂತು ಬಂದ. ಬಂದವನು ಮೆತ್ತಗಾಗಿದ್ದ.

"ಆ ಮುದಕಾ ನನ್ನ ಕೈ ಬಿಡ್ಲೇ ಇಲ್ಲ ನೋಡ," ಅಂದ ನಸೀಮಾಗೆ. ಅದು ನಿಜವಾದ ಮರುಕವೇ. ಆದರೆ ಕಮಿಟಿಯವರ ಮರುಕಕ್ಕೆ ಯಾವಾಗಲೂ ಒಂದು ಕಾರ್ಯಕ್ರಮ ಬೇಕು. ಎರಡೂ ಕಡೆಯವರು ಸೇರಿ 'ಬಿಚ್ಚು ಮನಸ್ಸಿನ ಮಾತುಕತೆ' ಎಂದು ಒಂದು ಭಾನುವಾರ ಗೊತ್ತು ಮಾಡಿದರು. ಗೆಳೆತನದ ಉದಾಹರಣೆ ಯಾರಾದರೂ ಬೇಕಲ್ಲ?

"ಅವ್ವಾ, ನೀನೂ ಮಿಲ್ಕಾ ಆಂಟೀನೂ ಸ್ಟೇಜಿನ ಮ್ಯಾಲ ಕುಂದರಬೇಕು."

"ಇಷ್ಟ್ ದಿನಾ ಬೆಂಚಿನ ಮ್ಯಾಲ ಕುಂದರಬ್ಯಾಡ ಅಂತಿದ್ದಿ."

"ಅದ ಬ್ಯಾರೆ, ಇದ ಬ್ಯಾರೆ."

"ಏನ್ ಬ್ಯಾರೆ? ಖುರ್ಚಿ ಮೆತ್ತಗ ಇರ್ತಾವೇನು?"

ಮಗ ಎಷ್ಟೋ ದಿನದ ಮೇಲೆ ಅವ್ವಾ ಅವ್ವಾ ಎಂದು ಹಿಂದೆ ಬಿದ್ದಿದ್ದ. ದಾವಲಬಿ ಒಪ್ಪಿದಳು. ಮಿಲ್ಕಾಬಾಯಿ ಫೋನಿನಲ್ಲಿ ಯಾಕೋ ಹಿಂದೆ ಮುಂದೆ ನೋಡಿದಳು. ಮೊಮ್ಮಗನಿಗೆ ಹೆಣ್ಣು ಗೊತ್ತಾಗಿತ್ತು. ಹುಡುಗಿಯ ಮನೆಯವರು ಟೊರಾಂಟೊದ ಹಳೆಯ, ಬಿಳಿ ಯಹೂದಿಗಳು, ಅವರೂ ಬರುವವರಿದ್ದರು. "ಅವ್ರ ಮುಂದ ಏನ್ ಮಾತಾಡೂದು?" ಅಂದಳು. "ನಾ ಇರ್ತೀನಲ್ಲ," ಅಂದಳು ದಾವಲಬಿ. ಆ ಮಾತನ್ನು ಆಕೆ ಆಮೇಲೆ ಎಷ್ಟು ಸಲ ನೆನೆದಳೋ.

ಹಾಲ್ ತುಂಬಿತ್ತು. ಒಂದು ಕಡೆ ಹಿಜಾಬು, ಒಂದು ಕಡೆ ಯಹೂದಿಗಳ ಪುಟ್ಟ ಟೋಪಿ, ನಡುವೆ ಎರಡೂ ಕಡೆಯವರು ತಿನ್ನಬಹುದಾದ ಬಿಸ್ಕಿಟ್ಟು. ಮಿಲ್ಕಾಬಾಯಿ ಮುತ್ತಿನ ಸರ ಹಾಕಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮೊದಲ ಸಾಲಿನಲ್ಲಿ ರೂಬೆನ್, ಪಕ್ಕದಲ್ಲಿ ಹೊಸ ಬೀಗರು. ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಹನಿಯಾ ಮೈಕು ಹಿಡಿದು ನಿಂತಳು. ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಮೂಲಂಗಿ ಕತೆಗೆ ಹಾಲೆಲ್ಲ ನಕ್ಕಿತು. ದಾವಲಬಿಗೆ ಹುರುಪು ಬಂತು.

ನಡೆಸಿಕೊಡುತ್ತಿದ್ದ ಹೆಂಗಸು ಕೇಳಿದಳು, "ನೀವು ಒಬ್ಬರನ್ನೊಬ್ಬರು ಏನೆಂದು ಕರೆಯುತ್ತೀರಿ? ಮನಸ್ಸು ಬಿಚ್ಚಿ ಹೇಳಿ."

"ಮಂದಿ ಮುಂದ ಮಿಲ್ಕಾಬಾಯಿ. ನಾವಿಬ್ಬರs ಇದ್ದಾಗ ಶನಿವಾರದ ಗಾಣಿಗಿತ್ತಿ!" ಎಂದು ದಾವಲಬಿ ಗೆಳತಿಯ ತೊಡೆಗೆ ತಟ್ಟಿ ನಕ್ಕಳು.

ಹನಿಯಾ ತಡವರಿಸಿದಳು. "ಶಿ ಕಾಲ್ಸ್ ಹರ್... ಸ್ಯಾಟರ್ಡೇಸ್... ಆಯ್ಲಿ ವುಮನ್. ಲೈಕ್, ಗ್ರೀಸಿ?"

ಜಿಡ್ಡು ಮೈಯವಳು ಎಂದಾಯಿತು ಅದು ಇಂಗ್ಲಿಷಿನಲ್ಲಿ. ಜೊತೆಗೆ ಶನಿವಾರ, ಅವರ ಪವಿತ್ರ ದಿನ. ಹನ್ನೊಂದು ಜನ ಸತ್ತದ್ದೂ ಒಂದು ಶನಿವಾರವೇ, ಇನ್ನೂ ತಿಂಗಳಾಗಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದವಳೊಬ್ಬಳು, ಒಡೆದವಳೊಬ್ಬಳು. ಬೀಗಿತ್ತಿ ಕೈಚೀಲವನ್ನು ಎದೆಗೆ ಅವಚಿಕೊಂಡಳು.

ನಡೆಸಿಕೊಡುವವಳ ಮುಖ ಬಿಳಿಚಿತ್ತು. "ಮಿಲ್ಕಾ, ಈ ಮಾತು... ನಿಮಗೆ ಇದರ ಅರ್ಥ ಗೊತ್ತೇ?"

ದಾವಲಬಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಆದರೆ ಹೆದರಿಕೆಯಾಗಲಿಲ್ಲ. ಗೆಳತಿ ಈಗ ನಗುತ್ತಾಳೆ, ಗಾಣದ ಕತೆ ಹೇಳುತ್ತಾಳೆ, ಪಿಂಜಾರಗಿತ್ತಿ ಎಂದು ತಿರುಗಿ ಬೈಯುತ್ತಾಳೆ. "ಹೇಳ, ಹೇಳ," ಎಂದು ಮೊಣಕೈಯಿಂದ ತಿವಿದಳು.

ಮಿಲ್ಕಾಬಾಯಿ ಬೀಗರನ್ನು ನೋಡಿದಳು. ಮಗನನ್ನು ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ, "ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಆ ಭಾಷೆ ನನಗೆ ಅಷ್ಟಾಗಿ ಬರುವುದಿಲ್ಲ," ಅಂದಳು.

ಹನಿಯಾ ಇದನ್ನು ಅಜ್ಜಿಗೆ ತಿರುಗಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಷ್ಟು ಇಂಗ್ಲಿಷು ದಾವಲಬಿಗೆ ಬರುತ್ತಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಯಾವ ದೇಶದಲ್ಲೂ ಬರವಿಲ್ಲ. ಸಂಜೆಯೊಳಗೆ ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಆ ಕಡೆ ಕೆಲವರು, "ಇವರ ಮನಸ್ಸಲ್ಲಿ ಇರುವುದೇ ಇದು," ಅಂದರು. ಈ ಕಡೆ ಕೆಲವರು, "ಅವರ ಜೊತೆ ಕೂತರೆ ಇಷ್ಟೇ, ಮೊದಲೇ ಹೇಳಿದ್ದೆವು," ಅಂದರು. ಒಂದು ದಿನವೂ ಒಂದೇ ಮಾತಾಡದ ಎರಡೂ ಕಡೆಯವರು ಇದೊಂದರಲ್ಲಿ ಒಂದಾದರು. ಮುಂದಿನ ಮಾತುಕತೆಗಳನ್ನು ನಿಲ್ಲಿಸಿದರು.

ಮನೆಯಲ್ಲಿ ಒಲೆ ಹತ್ತುವ ಮೊದಲೇ ಜಗಳ ಹತ್ತತೊಡಗಿತು.

"ಬ್ಯಾರೆ ಏನರ ಅನ್ನಾಕ್ ಆಗ್ತಿದ್ದಿಲ್ಲೇನ ಅವ್ವಾ? ಅಕ್ಕಾ ಅಂತೀನಿ ಅಂದಿದ್ರ ಮುಗೀತಿತ್ತು."

"ಬಿಚ್ಚಿ ಮಾತಾಡ್ರಿ ಅಂದ್ರು. ಬಿಚ್ಚಿದೆ."

"ಬಿಚ್ಚೂದಂದ್ರ ಅದಲ್ಲ!"

"ಎಷ್ಟು ಬಿಚ್ಚೂದು ಅಂತ ಮೊದಲs ಹೇಳಬೇಕಿತ್ತು. ಅಳತಿ ಕೊಟ್ಟಿದ್ರ ಅಷ್ಟs ಬಿಚ್ಚತಿದ್ದೆ."

"ಕಮಿಟಿಯವ್ರು ಕ್ಷಮಾ ಕೇಳ್ರಿ ಅನ್ನಾಕತ್ತಾರ."

"ನಾ ಬೈದಿಲ್ಲ. ಯಾಕ ಕೇಳ್ಲಿ?"

ಹನಿಯಾ ಊಟ ಬಿಟ್ಟು ಎದ್ದಳು. "ಇಟ್ಸ್ ಮೈ ಫಾಲ್ಟ್, ಓಕೆ? ನಾನೇ ರಾಂಗ್ ಹೇಳಿದ್ದು!" ಎಂದು ಕೂಗಿ ಬಾಗಿಲು ಬಡಿದುಕೊಂಡು ಅತ್ತಳು. ದಾವಲಬಿ ಹೋಗಿ ಪಕ್ಕದಲ್ಲಿ ಕೂತಳು. "ನಿಂದೇನು ತಪ್ಪಿಲ್ಲ ಬಿಡವಾ. ನೀ ಗಾಣ ನೋಡಿದಾಕಿ ಅಲ್ಲ. ಆಕೀಗೆ ಗೊತ್ತಿತ್ತು. ಆಕಿ ಹೇಳಬೇಕಿತ್ತು." ಹುಡುಗಿ ಮರುದಿನವೇ ಸರಿಯಾದ ಅರ್ಥ ಬರೆದು ಎರಡೂ ಕಮಿಟಿಗೆ ಕಳಿಸಿದಳು. ಯಾರೂ ಉತ್ತರ ಕೊಡಲಿಲ್ಲ. ತಪ್ಪು ಅನುವಾದಕ್ಕೆ ಹಾರುವ ರೆಕ್ಕೆ ಸರಿಯಾದದ್ದಕ್ಕೆ ಇರುವುದಿಲ್ಲ.

ದಾವಲಬಿ ಗೆಳತಿಗೆ ಫೋನು ಹಚ್ಚಿದಳು. ಬೆಳಿಗ್ಗೆ ಹಚ್ಚಿದಳು, ಮಧ್ಯಾಹ್ನ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಲ್ಲುವುದು. ಗುರುವಾರ ಬೆಂಚಿಗೆ ಹೋಗಿ ಕೂತು ಬಂದಳು. ಇನ್ನೊಂದು ಗುರುವಾರವೂ ಹೋದಳು. ಮೂರನೆಯದಕ್ಕೆ ನಸೀಮಾ ಕೋಟು ತಂದು ಕೊಟ್ಟರೆ, "ಬ್ಯಾಡ," ಅಂದಳು. ಮನೆಯಲ್ಲೂ ಮಾತು ಕಡಿಮೆಯಾಯಿತು. ಉಪ್ಪು ಬೇಕಾದರೆ ಕೈ ತೋರಿಸುವಳು.

"ಅತ್ತಿ, ಏನರ ಮಾತಾಡ್ರಿ. ಬೈಯರ ಬೈರಿ," ಅಂದಳು ನಸೀಮಾ.

"ಯಾವ್ ಭಾಷಾದಾಗ ಬೈಲಿ ಹೇಳು. ಬೈಗುಳಾನೂ ಈಗ ತಿಳ್ಕೊಳ್ಳೋರಿಲ್ಲ."

ಡಿಸೆಂಬರಿನಲ್ಲಿ ಮೌಲಾಲಿ ತಾಯಿಯ ಕಾಲ ಬಳಿ ಕೂತ. ಕಮಿಟಿಯಿಂದ ಅವನನ್ನು ಬಿಡಿಸುವ ಮಾತು ನಡೆದಿತ್ತು. ಹನಿಯಾಗೆ ಶಾಲೆಯಲ್ಲಿ ಹುಡುಗಿಯೊಬ್ಬಳು, "ನಿನ್ನ ಅಜ್ಜಿ ಯಹೂದಿ ದ್ವೇಷಿ," ಅಂದಿದ್ದಳು. ಮಗ ಅಳಲಿಲ್ಲ, ಆದರೆ ಅಳುವವನ ಹಾಗೆ ಕಂಡ. "ಒಂದ್ ಮಾತು ಅವ್ವಾ. ಆಕೀನೂ ಬರ್ತಾಳಂತ." ದಾವಲಬಿ ಒಪ್ಪಿದ್ದು ಆ ಕೊನೆಯ ಮಾತಿಗೆ. ಆಕಿ ಬರ್ತಾಳ. ಎದುರಿಗೆ ಕೂತರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಇನ್ನೂ ಸತ್ತಿರಲಿಲ್ಲ.

ಅದೇ ಹಾಲಿನ ಪಕ್ಕದ ಆಫೀಸು. ಎರಡು ಸೋಫಾ, ನಡುವೆ ಮೇಜು, ಮೇಜಿನ ಮೇಲೆ ಫೋನು. ಈ ಸಲ ಮನೆಯವರ ಅನುವಾದ ಬೇಡ ಎಂದು ತೀರ್ಮಾನವಾಗಿತ್ತು. ಫೋನಿನಲ್ಲಿ ದುಭಾಷಿಯೊಬ್ಬಳನ್ನು ಹಿಡಿದಿದ್ದರು. ದಾವಲಬಿ ಮುಸಲ್ಮಾನ ಹೆಂಗಸು, ಇಂಡಿಯಾದವಳು ಎಂದ ಮೇಲೆ ಆಕೆಯ ಭಾಷೆ ಉರ್ದುವೇ ಎಂದು ಅವರಷ್ಟಕ್ಕೆ ಅವರೇ ಬರೆದುಕೊಂಡಿದ್ದರು. ಮೌಲಾಲಿ, "ನಮ್ಮ ತಾಯಿಗೆ ಕನ್ನಡ..." ಎಂದು ಬಾಯಿ ತೆರೆದ. ಕಮಿಟಿಯ ಹಿರಿಯರು ಕಣ್ಣಲ್ಲೇ ಸುಮ್ಮನಾಗಿಸಿದರು. ಇದೊಂದು ದಿನ ಮುಗಿದರೆ ಸಾಕಾಗಿತ್ತು ಎಲ್ಲರಿಗೂ.

ಹೀಗೆ, ಒಂದೇ ಭಾಷೆ ಬಲ್ಲ ಇಬ್ಬರು ಮುದುಕಿಯರು ಎದುರುಬದುರು ಕೂತು, ಇಬ್ಬರಿಗೂ ತಮ್ಮದಲ್ಲದ ಭಾಷೆಗಳಲ್ಲಿ, ಮುಖ ಕಾಣದ ಮೂರನೆಯವಳ ಮೂಲಕ ಮಾತಾಡಿದರು. ದಾವಲಬಿ ಮುರುಕು ಉರ್ದುವಿನಲ್ಲಿ ಮಾಫಿ ಕೇಳಿದಳು. ಫೋನಿನವಳು ಅದನ್ನು ಚಂದದ ಇಂಗ್ಲಿಷು ಮಾಡಿದಳು. ಮಿಲ್ಕಾಬಾಯಿ ಇಂಗ್ಲಿಷಿನಲ್ಲಿ, "ಒಪ್ಪಿಕೊಂಡಿದ್ದೇನೆ," ಅಂದಳು. ಬಹಳ ಇಳಿದುಹೋಗಿದ್ದಳು. ರೂಬೆನ್ ಅವಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದ. ನಸೀಮಾ ಬಾಗಿಲ ಹತ್ತಿರ ನಿಂತಿದ್ದಳು.

ಎಲ್ಲರೂ ಎದ್ದು ಕೈಕುಲುಕತೊಡಗಿದರು. ಆ ಗದ್ದಲದಲ್ಲಿ ಮಿಲ್ಕಾಬಾಯಿ ಮೇಜಿನ ಮೇಲೆ ಬಾಗಿ, ತುಟಿ ಅಲುಗಿಸಿದಳೋ ಇಲ್ಲವೋ ಅನ್ನುವ ಹಾಗೆ ಹೇಳಿದಳು:

"ಬೀಗರಿಗೆ ಗಾಣದ ಸುದ್ದಿ ನಾ ಹೇಳಿದ್ದಿಲ್ಲ. ಮೊದಲs ನಮ್ಮನ್ನ ಅರ್ಧಾ ಯಹೂದಿ ಅಂತಾರ. ಹೆದರಿಕಿ ಆತು ನಂಗ. ನೀ ಬೈದಿಲ್ಲ, ನಂಗೊತ್ತೈತಿ. ಸಿಟ್ಟ ಮಾಡಬ್ಯಾಡ. ಏನರ ಒಂದ್ ಮಾತ್ ಆಡ ನನ್ನ ಜೋಡಿ."

ಫೋನು ಇನ್ನೂ ಚಾಲೂ ಇತ್ತು. ದುಭಾಷಿ, "ಕ್ಷಮಿಸಿ, ಈಗ ಯಾರೋ ಮಾತಾಡಿದರು. ಅದು ನನಗೆ ಗೊತ್ತಿಲ್ಲದ ಭಾಷೆ," ಅಂದಳು. ಎಲ್ಲರೂ ಇಬ್ಬರತ್ತ ತಿರುಗಿದರು. ಮಿಲ್ಕಾಬಾಯಿಯ ಮುಖ ಬೂದಿಯಾಯಿತು, ಆದರೂ ಕಣ್ಣು ಗೆಳತಿಯ ಮೇಲೇ ಇತ್ತು.

"ಅವರು ಏನಂದರು, ಅಮ್ಮಾ?" ಎಂದು ಫೋನಿನ ದನಿ ಉರ್ದುವಿನಲ್ಲಿ ದಾವಲಬಿಯನ್ನು ಕೇಳಿತು.

ಗೆಳತಿಗೆ ಕನ್ನಡದ ಒಂದು ಮಾತು ಸಾಕಿತ್ತು. ಸುಳ್ಳಾದರೂ ಸಾಕಿತ್ತು. ದಾವಲಬಿಯ ಒಳಗೆ ಆ ಭಾನುವಾರ, ಎತ್ತದ ಫೋನು, ಖಾಲಿ ಬೆಂಚು ಎಲ್ಲ ಒಟ್ಟಿಗೇ ಎದ್ದು ನಿಂತವು.

"ಪತಾ ನಹೀಂ," ಅಂದಳು. "ಇವರ ಮಾತು ನನಗೆ ತಿಳಿಯುವುದಿಲ್ಲ." ಆ ಒಂದು ಮಾತಿನಲ್ಲಿ ಆಕೆಯ ಉರ್ದು ಎಲ್ಲಿಯೂ ತಪ್ಪಲಿಲ್ಲ.

ಮಿಲ್ಕಾಬಾಯಿ ತಲೆಯಾಡಿಸಿದಳು. ಮಗನ ಕೈ ಹಿಡಿದು ಮೆಲ್ಲಗೆ ಹೊರಗೆ ಹೋದಳು.

ಮನೆಗೆ ಬಂದ ಮೇಲೆ ಮೌಲಾಲಿ ಹಗುರಾಗಿದ್ದ. "ಮುಗೀತಲ್ಲ. ಎಲ್ಲಾರೂ ಖುಷಿ ಆಗ್ಯಾರ," ಎಂದು ಎರಡನೆಯ ರೊಟ್ಟಿ ಹಾಕಿಸಿಕೊಂಡು ಉಂಡು ನಮಾಜಿಗೆ ಹೋದ. ದಾವಲಬಿಯ ತಟ್ಟೆಯಲ್ಲಿ ರೊಟ್ಟಿ ಮುರಿದಿರಲಿಲ್ಲ. ನಸೀಮಾ ಪಕ್ಕಕ್ಕೆ ಬಂದು ಕೂತಳು. ಆಫೀಸಿನ ಬಾಗಿಲ ಹತ್ತಿರ ನಿಂತಿದ್ದವಳಿಗೆ ಆ ಪಿಸುಮಾತು ಕೇಳಿಸಿತ್ತು, ಪೂರ್ತಿ ಅಲ್ಲ.

"ಅತ್ತಿ, ಏನಂದ್ರು ಅವ್ರು?"

ದಾವಲಬಿ ಒಂದೂ ಬಿಡದೆ ಹೇಳಿದಳು.

"ಅಯ್ಯ! ಎಲ್ಲಾ ತಿಳೀತು ನಿಮಗ. ಮತ್ಯಾಕ ಹಂಗಂದ್ರಿ?"

"ಆಕಿ ಅವತ್ತು ಅಂದ್ಲು. ನಾ ಇವತ್ತು ಅಂದೆ. ಲೆಕ್ಕ ಸರಿ ಆತು." ದಾವಲಬಿ ತಟ್ಟೆ ಸರಿಸಿದಳು. ಆಮೇಲೆ ಸೊಸೆಯ ಕೈ ಹಿಡಿದುಕೊಂಡಳು. "ಸರಿ ಆಗಿ ಏನ್ ಬಂತs ನಸೀಮಾ? ಮಾತಾಡ ಅಂದ್ಲು ಆಕಿ. ಒಂದs ಒಂದು ಮಾತು ಕೇಳಿದ್ಲು. ಅದೊಂದು ಬಾಯಾಗ ಇತ್ತು, ನಾನs ನುಂಗಿದೆ."

"ನಾಳಿ ಫೋನ್ ಹಚ್ಚೋಣ ತಗೋರಿ," ಅಂದಳು ನಸೀಮಾ.

ಮರುದಿನ ಹಚ್ಚಿದರು. ಆ ನಂಬರು ಈಗ ಬಳಕೆಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಫ್ರೆಂಚಿನಲ್ಲಿ ಹೇಳಿತು.